ಅಮೆರಿಕದ ಕಂಟ್ರಿ ಸಂಗೀತ ಮತ್ತು ರಾಕ್ ಬೆರೆತ ಕಂಟ್ರಿ-ರಾಕ್ ಶುರುವಾದಾಗ, ಸ್ಟೀಲ್ ಗಿಟಾರ್ (ಅಡ್ಡಲಾಗಿ ಇಟ್ಟು, ತಂತಿಗಳ ಮೇಲೆ ಲೋಹದ ತುಂಡು ಜಾರಿಸಿ ನುಡಿಸುವ ಗಿಟಾರ್) ವಾದಕರಿಗೆ ರಾಕ್ ಹುಡುಗರ ಜೊತೆ ನುಡಿಸುವುದು ಹೇಗಿತ್ತು?

ನ್ಯಾಶ್‌ವಿಲ್‌ನ ಸ್ಟೀಲ್ ಗಿಟಾರ್ ವಾದಕ ಲಾಯ್ಡ್ ಗ್ರೀನ್ ಅವರ ನೆನಪೇ ಇದಕ್ಕೆ ಒಳ್ಳೆಯ ಉತ್ತರ. 1968ರಲ್ಲಿ ಬರ್ಡ್ಸ್ ಅನ್ನುವ ರಾಕ್ ತಂಡ ರೆಕಾರ್ಡಿಂಗ್‌ಗೆ ಕಂಟ್ರಿ ಸಂಗೀತದ ಊರಾದ ನ್ಯಾಶ್‌ವಿಲ್‌ಗೆ ಬಂತು. ಅಲ್ಲಿನ ಸ್ಟುಡಿಯೋಗಳಲ್ಲಿ ಸ್ಟೀಲ್ ಗಿಟಾರ್‌ಗೆ ಹಾಡಿನ ಸಾಲುಗಳ ನಡುವೆ ಚೂರುಪಾರು ಜಾಗ ಮಾತ್ರ ಸಿಗುತ್ತಿತ್ತು. ಹಾಗಾಗಿ ಎಲ್ಲೆಲ್ಲಿ ನುಡಿಸಲಿ ಅಂತ ಗ್ರೀನ್ ಕೇಳಿದರು. ಎಲ್ಲಾ ಕಡೆ ಅನ್ನುವ ಉತ್ತರ ಬಂತು! ಪಳಗಿದ ವಾದಕನಿಗೆ ಇದಕ್ಕಿಂತ ಖುಷಿ ಬೇಕಾ?

ಲಾಸ್ ಏಂಜಲೀಸ್‌ನಲ್ಲಿ ಸ್ನೀಕಿ ಪೀಟ್ ಕ್ಲೈನೋ ಇನ್ನೂ ಮುಂದೆ ಹೋದರು. ಬೊಂಬೆ ಅನಿಮೇಷನ್ ಮಾಡುತ್ತಿದ್ದವರು ಅವರು. ಗ್ರಾಮ್ ಪಾರ್ಸನ್ಸ್, ಕ್ರಿಸ್ ಹಿಲ್‌ಮನ್ ಕಟ್ಟಿದ ಫ್ಲೈಯಿಂಗ್ ಬರಿಟೋ ಬ್ರದರ್ಸ್ ಸೇರಿ, ಪೆಡಲ್ ಸ್ಟೀಲ್‌ಗೆ (ಪೆಡಲ್ ಇರುವ ಸ್ಟೀಲ್ ಗಿಟಾರ್) ಫಝ್, ಅಂದರೆ ದನಿಯನ್ನು ಒರಟಾಗಿಸುವ ಎಫೆಕ್ಟ್, ಹಾಕಿ ನುಡಿಸಿದರು. ಪೋಕೋ ತಂಡದ ರಸ್ಟಿ ಯಂಗ್ ತಮ್ಮ ಸ್ಟೀಲ್‌ಗೆ ಲೆಸ್ಲಿ ಅನ್ನುವ, ದನಿಯನ್ನು ಸುತ್ತಿಸುವ ಸ್ಪೀಕರ್ ಬಳಸಿದರು, ಕೇಳಿದರೆ ಆರ್ಗನ್ ಅನ್ನಿಸುತ್ತದೆ. ನನಗಂತೂ ಪೀಟ್ ನುಡಿಸಿದ್ದೇ ಜಾಸ್ತಿ ಇಷ್ಟ.