ಗುಡ್ಡ ಇಳಿದ ಮರುದಿನ ಓಟಕ್ಕೆ ಉಸಿರು ಸಾಲದೇಕೆ?

ಪ್ರಶ್ನೆ: ನಾನು ಬೆಳಗಿನ ಹೊತ್ತು ನೆಹರೂ ಕ್ರೀಡಾಂಗಣದಲ್ಲಿ ತಪ್ಪದೆ ಓಡುವವನು. ಈಚೆಗೆ ಗೆಳೆಯರೊಂದಿಗೆ ಜೀಪಿನಲ್ಲಿ ಕೊಡಚಾದ್ರಿ ಹತ್ತಿ, ಬರುವಾಗ ಕಾಲುದಾರಿಯಲ್ಲಿ ನಡೆದೇ ಇಳಿದೆವು. ಇಳಿಯುವಾಗ ಆಯಾಸವೇ ಆಗಲಿಲ್ಲ. ಎರಡನೆಯ ದಿನ ಮಾತ್ರ ತೊಡೆ ಮುಟ್ಟಲಾಗದಷ್ಟು ನೋವು, ಮಾಮೂಲಿ ವೇಗದಲ್ಲಿ ಓಡಿದರೂ ಏದುಸಿರು. ತೊಡೆ ನೊಂದರೆ ಉಸಿರು ಏಕೆ ಹೆಚ್ಚಬೇಕು? ಇದು ಲ್ಯಾಕ್ಟಿಕ್ ಆಮ್ಲದ ಕಾಟವೇ?
– ಓದುಗರು, ಶಿವಮೊಗ್ಗ

ಉತ್ತರ: ಬಿರುಸಿನ ಶ್ರಮದಲ್ಲಿ ಸ್ನಾಯುವಿನೊಳಗೆ ಹುಟ್ಟುವ ಲ್ಯಾಕ್ಟಿಕ್ ಆಮ್ಲವನ್ನು ಮೊದಲು ಬಿಟ್ಟುಬಿಡೋಣ. ಶ್ರಮ ನಿಂತ ಮೇಲೆ ಒಂದು ಗಂಟೆಯ ಆಸುಪಾಸಿನಲ್ಲೇ ಅದರ ಪ್ರಮಾಣ ಸಹಜ ಮಟ್ಟಕ್ಕೆ ಇಳಿಯುತ್ತದೆ. ಎರಡು ದಿನದ ನಂತರದ ನೋವಿಗೆ ಅದನ್ನು ಹೊಣೆ ಮಾಡುವ ರೂಢಿ ಏಕೆ ಇನ್ನೂ ಉಳಿದಿದೆಯೋ ತಿಳಿಯದು. ಸ್ನಾಯುವಿನ ಒಳಗಿನ ಸೀಳುಗಳೇ ಇಂಥ ನೋವಿಗೆ ಕಾರಣವಿರಬೇಕೆಂದು ಅಮೆರಿಕದ ಶರೀರಶಾಸ್ತ್ರಜ್ಞ ಥಿಯೊಡೋರ್ ಹಫ್ 1902ರಲ್ಲೇ ಬರೆದಿದ್ದರು.

ಇಳಿಜಾರಿನಲ್ಲಿ ಪ್ರತಿ ಹೆಜ್ಜೆಗೂ ತೊಡೆಯ ಮುಂಭಾಗದ ಸ್ನಾಯು ಬಿಗಿಹಿಡಿದುಕೊಂಡೇ ಉದ್ದವಾಗುತ್ತ ಮೈಭಾರಕ್ಕೆ ಬ್ರೇಕ್ ಹಾಕುತ್ತದೆ. ಈ ಬಗೆಯ ಕೆಲಸಕ್ಕೆ ಆಮ್ಲಜನಕ ಕಡಿಮೆ ಸಾಕು. ಅಬಾಟ್, ಬಿಗ್ಲ್ಯಾಂಡ್ ಮತ್ತು ರಿಚಿ ಎಂಬ ವಿಜ್ಞಾನಿಗಳು 1952ರಲ್ಲಿ ಎರಡು ಸೈಕಲ್‌ಗಳನ್ನು ಬೆನ್ನಿಗೆ ಬೆನ್ನು ಜೋಡಿಸಿ, ಒಬ್ಬರು ಪೆಡಲ್ ತುಳಿಯುವಾಗ ಇನ್ನೊಬ್ಬರು ಅದನ್ನು ತಡೆಯುವಂತೆ ಮಾಡಿ ನೋಡಿದರು. ಬಲ ಒಂದೇ ಆಗಿದ್ದರೂ ತಡೆಯುತ್ತಿದ್ದವರು ಬಳಸಿದ ಆಮ್ಲಜನಕ ಬಹಳ ಕಡಿಮೆಯಿತ್ತು. ನಿಮಗೆ ಇಳಿಯುವಾಗ ಆಯಾಸವಾಗದಿದ್ದುದು ಇದರಿಂದಲೇ. ಆದರೆ ಇಲ್ಲಿ ಸ್ನಾಯುವಿನ ಕೆಲವೇ ತಂತುಗಳು (ಎಳೆಗಳು) ಇಡೀ ಭಾರ ಹೊರುವುದರಿಂದ ಒಂದೊಂದರ ಮೇಲೂ ಎಳೆತ ಹೆಚ್ಚು. ಅವುಗಳೊಳಗಿನ ದುರ್ಬಲ ಘಟಕಗಳು ಮಿತಿಮೀರಿ ಹಿಗ್ಗುತ್ತವೆ, ತಂತುವಿನ ಪೊರೆ ಅಲ್ಲಲ್ಲಿ ಹಾನಿಗೊಂಡು ಕ್ಯಾಲ್ಸಿಯಂ ಒಳನುಗ್ಗುತ್ತದೆ, ಮುಂದಿನ ಗಂಟೆಗಳಲ್ಲಿ ಉರಿಯೂತ ಶುರುವಾಗುತ್ತದೆ. ನೋವು 24ರಿಂದ 72 ಗಂಟೆಗಳ ನಡುವೆ ತಾರಕಕ್ಕೇರುತ್ತದೆ.

ಈಗ ನಿಮ್ಮ ಉಸಿರಿನ ವಿಚಾರ. ಗಾಯಗೊಂಡ ತಂತು ಮೊದಲಿನಷ್ಟು ಬಲ ಕೊಡಲಾರದು. ನೀವು ಹಳೆಯ ವೇಗವನ್ನೇ ಹಿಡಿದು ಓಡಿದಾಗ, ಆ ಕೊರತೆ ತುಂಬಲು ನರಮಂಡಲವು ಸಾಮಾನ್ಯವಾಗಿ ಸುಮ್ಮನಿರುವ ಇನ್ನಷ್ಟು ತಂತುಗಳನ್ನು, ಅದರಲ್ಲೂ ಬೇಗ ದಣಿಯುವ ವೇಗದ ತಂತುಗಳನ್ನು, ಕೆಲಸಕ್ಕೆ ಇಳಿಸುತ್ತದೆ. ನುರಿತ ಆಳುಗಳು ಸಿಗದ ದಿನ ಹೊಸಬರನ್ನು ಹೆಚ್ಚಾಗಿ ಕರೆದು ಅದೇ ಗದ್ದೆಯ ನಾಟಿ ಮುಗಿಸಿದಂತೆ ಇದು: ಕೆಲಸ ಅಷ್ಟೇ, ಊಟ ಕೂಲಿಯ ಖರ್ಚು ಮಾತ್ರ ಹೆಚ್ಚು. ಜೊತೆಗೆ ನೋವಿಗೆ ಅಂಜಿ ಮಂಡಿ ಕಡಿಮೆ ಮಡಚುತ್ತದೆ, ಹೆಜ್ಜೆ ಗಿಡ್ಡವಾಗುತ್ತದೆ. ಹಾನಿಗೊಂಡ ಸ್ನಾಯು ರಕ್ತದಿಂದ ಸಕ್ಕರೆಯನ್ನು ಸರಿಯಾಗಿ ಹೀರಿಕೊಳ್ಳದ ಕಾರಣ ಅದರೊಳಗಿನ ಗ್ಲೈಕೋಜನ್ (ಕೂಡಿಟ್ಟ ಸಕ್ಕರೆ) ಸಂಗ್ರಹವೂ ನಿಧಾನವಾಗಿಯೇ ತುಂಬುತ್ತದೆ. ಇಳಿಜಾರು ಓಟದ ಕೆಲವು ಪ್ರಯೋಗಗಳಲ್ಲಿ, ಅದೇ ವೇಗಕ್ಕೆ ಬೇಕಾಗುವ ಆಮ್ಲಜನಕವು ಎರಡು ಮೂರು ದಿನಗಳವರೆಗೆ ಸುಮಾರು ಶೇ. 3ರಿಂದ 7ರಷ್ಟು ಹೆಚ್ಚಿದ್ದುದು ಕಂಡುಬಂದಿದೆ. ನಿಧಾನಗತಿಯಲ್ಲಿ ವ್ಯತ್ಯಾಸವೇ ಕಾಣದ ಪ್ರಯೋಗಗಳೂ ಇವೆ. ಹಾಗಾಗಿ ನಿಮ್ಮ ಏದುಸಿರು ಶ್ವಾಸಕೋಶ ಸೋತ ಸೂಚನೆ ಎನ್ನುವುದಕ್ಕಿಂತ, ಸ್ನಾಯುವಿನ ಹೆಚ್ಚಿದ ಬೇಡಿಕೆಗೆ ಅದು ಕೊಡುತ್ತಿರುವ ಉತ್ತರ ಎನ್ನುವುದೇ ಸರಿ.

ಒಂದು ಎಚ್ಚರಿಕೆ: ನೋವು ಹಾನಿಯ ಅಳತೆಗೋಲಲ್ಲ. ಸ್ನಾಯುಬಲ ಗುಡ್ಡದ ಬುಡ ಮುಟ್ಟಿದಾಗಲೇ, ಅಂದರೆ ನೋವು ಬರುವ ಮೊದಲೇ, ಕುಗ್ಗಿರುತ್ತದೆ. ನೋವು ಹೋದ ಮೇಲೂ ಕೆಲ ದಿನ ಪೂರ್ತಿ ಮರಳಿರದೆ ಇರಬಹುದು. ಅಷ್ಟರವರೆಗೆ ಗಡಿಯಾರ ನೋಡದೆ, ಮಾತಾಡಿಕೊಂಡು ಹೋಗುವಷ್ಟು ಉಸಿರಿನಲ್ಲಿ ನಡೆಯಿರಿ ಅಥವಾ ನಿಧಾನ ಓಡಿ. ಅನ್ನ, ಕಾಳು, ಮೊಟ್ಟೆ ಯಾವುದನ್ನೂ ಕಡಿಮೆ ಮಾಡಬೇಡಿ. ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ, ತೊಡೆ ವಿಪರೀತ ಊದಿಕೊಂಡರೆ, ಕೂತಾಗಲೂ ಏದುಸಿರು ಇಲ್ಲವೆ ಎದೆನೋವು ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಮಗಳು ಓಟದ ಸ್ಪರ್ಧೆಗೆ ತಯಾರಾಗುತ್ತಿದ್ದಾಳೆ. ಕುಂದಾದ್ರಿಯ ರಸ್ತೆಯಲ್ಲಿ ಇಳಿಜಾರು ಓಟ ಮಾಡಿಸಬಹುದೇ?
– ಓದುಗರು, ತೀರ್ಥಹಳ್ಳಿ

ಉತ್ತರ: ಮಾಡಿಸಬಹುದು, ಆದರೆ ಸಮಯ ನೋಡಿಕೊಂಡು. ಒಮ್ಮೆ ಇಳಿಜಾರಿನಲ್ಲಿ ನೊಂದು ಚೇತರಿಸಿಕೊಂಡ ಸ್ನಾಯುವಿಗೆ ಮುಂದಿನ ಸಲ ಅದೇ ಕೆಲಸದಿಂದ ಹಾನಿ ಕಡಿಮೆ. ಈ ರಕ್ಷಣೆ ಹಲವು ವಾರ ಉಳಿಯುತ್ತದೆ. ದಿನವೂ ಗುಡ್ಡ ಹತ್ತಿಳಿದು ತೋಟಕ್ಕೆ ಹೋಗುವವರಿಗೆ ಕಾಲು ಹಿಡಿದುಕೊಳ್ಳದಿರುವುದೂ ಇದರಿಂದಲೇ. ಸ್ಪರ್ಧೆಗೆ ತಿಂಗಳಿರುವಾಗಲೇ ಸ್ವಲ್ಪ ದೂರದಿಂದ, ಕಡಿದಲ್ಲದ ಇಳಿಜಾರಿನಲ್ಲಿ ಆರಂಭಿಸಿ, ಪ್ರತಿ ಸಲದ ನಡುವೆ ಕೆಲವು ದಿನ ಬಿಡಿ. ಸ್ಪರ್ಧೆಯ ಹಿಂದಿನ ವಾರ ಮಾತ್ರ ಸಮತಟ್ಟಾದ ಮೈದಾನದಲ್ಲೇ ಓಡಲಿ.