ನಿಮ್ಮ ಕಥೆಯ ವ್ಯಾಘ್ರನಖದ ಬಗ್ಗೆ

ನಮಸ್ಕಾರ.

ನಿಮ್ಮ ಕಥೆಯನ್ನು ಎರಡು ಸಲ ಓದಿದೆ. ಪ್ರತಾಪಗಡದ ಬುಡದಲ್ಲಿ ಶಿವಾಜಿ ಮತ್ತು ಅಫ್ಜಲ್ ಖಾನ್ ಭೇಟಿಯಾದ ದಿನ, 1659ರ ನವೆಂಬರ್ 10. ಅದನ್ನು ಡೇರೆ ಕಾಯುವ ಹುಡುಗನೊಬ್ಬನ ಕಣ್ಣಿಂದ ಹೇಳಿದ್ದೀರಿ. ಆ ಹುಡುಗ ನನಗೆ ತುಂಬಾ ಹಿಡಿಸಿದ. ಆದರೂ ಈಗಿರುವ ಹಾಗೆ ಕಥೆಯನ್ನು ಪ್ರಕಟಿಸಲು ಆಗುವುದಿಲ್ಲ. ಶಿವಾಜಿ ಬಚ್ಚಿಟ್ಟುಕೊಂಡು ಬಂದ ಆಯುಧ ವ್ಯಾಘ್ರನಖದ ಹೆಸರು ನಿಮಗೆ ಗೊತ್ತಿದೆ, ಅದು ಕೈಯಲ್ಲಿ ಹೇಗೆ ಕೂರುತ್ತದೆ ಅನ್ನುವುದು ಗೊತ್ತಿಲ್ಲ.

‘ಬಿಸಿಲಿಗೆ ವ್ಯಾಘ್ರನಖ ಫಳಫಳ ಹೊಳೆಯಿತು, ಒಂದೇ ಏಟಿಗೆ ರುಂಡ ಉರುಳಿತು’ ಎಂದಿದ್ದೀರಿ. ಎರಡೂ ಆಗದ ಮಾತು. ಅದು ಬೆರಳುಗಳ ಬುಡಕ್ಕೆ ಅಡ್ಡ ಕೂರುವ ಒಂದು ಪಟ್ಟಿ. ಎರಡು ತುದಿಗೆ ಎರಡು ಉಂಗುರ, ಅಂಗೈ ಕಡೆಗೆ ನಾಲ್ಕೈದು ಬಾಗಿದ ಉಗುರು. ತೋರುಬೆರಳು, ಕಿರುಬೆರಳು ಉಂಗುರದೊಳಗೆ ಹೋಗುತ್ತವೆ. ಬೆರಳು ಮಡಚಿದರೆ ಉಗುರುಗಳು ಅಂಗೈಯಲ್ಲಿ ಅಡಗುತ್ತವೆ. ಎದುರಿಗಿದ್ದವನಿಗೆ ಕಾಣುವುದು ಎರಡು ಉಂಗುರ ಅಷ್ಟೇ. ಅದು ಹೊಳೆದು ಕಣ್ಣಿಗೆ ಬಿದ್ದರೆ ಹಿಡಿದವನ ಕೆಲಸ ಕೆಟ್ಟ ಹಾಗೆ. ಇನ್ನು ಅದು ಕಡಿಯುವ ಆಯುಧವೂ ಅಲ್ಲ. ತಬ್ಬಿಕೊಳ್ಳುವಷ್ಟು ಹತ್ತಿರ ಬಂದವನನ್ನು ಸಿಗಿಯುತ್ತದೆ. ಜನ ಹೇಳುತ್ತಾ ಬಂದ ಕಥೆಯಲ್ಲೂ ಅದರ ಜೊತೆಗೆ ಬಿಛ್ವಾ ಇದೆ, ಚೇಳಿನ ಹೆಸರಿನ ಬಾಗಿದ ಬಾಕು.

ಒಂದು ಕೆಲಸ ಮಾಡಿ. ಎಡಗೈ ಅಂಗೈಯಲ್ಲಿ ಒಂದು ಪೆನ್ಸಿಲ್ ಅಡ್ಡ ಇಟ್ಟು ಬೆರಳು ಮಡಚಿಕೊಳ್ಳಿ. ಹಾಗೇ ಮನೆಯವರ ಜೊತೆ ಅರ್ಧ ಗಂಟೆ ಮಾತಾಡಿ. ಕೈ ಮುಗಿಯಲು ಆಗುವುದಿಲ್ಲ. ಬೆವರು ಒರೆಸಿಕೊಳ್ಳುವುದೂ ಕಷ್ಟ. ನಿಮ್ಮ ಹುಡುಗ ನೋಡಬೇಕಾದದ್ದು ಇದನ್ನೇ ಅಲ್ವಾ? ಶಿವಾಜಿಯ ಎಡಗೈ ಯಾಕೆ ಬಿಚ್ಚುತ್ತಲೇ ಇಲ್ಲ ಅಂತ.

ಮೂರನೇ ಪುಟದಲ್ಲಿ ಇದನ್ನೇ ‘ವಜ್ರಮುಷ್ಟಿ’ ಎಂದು ಕರೆದಿದ್ದೀರಿ. ಅದು ಬೇರೆ. ಮೈಸೂರು ದಸರಾದ ಜಟ್ಟಿ ಕಾಳಗ ನೋಡಿದವರಿಗೆ ಗೊತ್ತು. ತಲೆ ಬೋಳಿಸಿಕೊಂಡ ಜಟ್ಟಿಗಳು ಮೊನೆಗಳಿರುವ ವಜ್ರಮುಷ್ಟಿ ತೊಟ್ಟು ಎಲ್ಲರ ಕಣ್ಣೆದುರೇ ಸೆಣಸುತ್ತಾರೆ. ತಲೆಯಲ್ಲಿ ರಕ್ತ ಕಂಡರೆ ಕಾಳಗ ನಿಲ್ಲುತ್ತದೆ. ಅಲ್ಲಿ ಬಚ್ಚಿಡುವುದು ಏನೂ ಇಲ್ಲ. ಹಾಗೆಯೇ ಸುಮ್ನೆ ‘ಹುಲಿಯುಗುರು’ ಅಂತಲೂ ಬೇಡ, ನಮ್ಮ ಓದುಗರಿಗೆ ಕತ್ತಿನ ಸರದ ಪದಕ ನೆನಪಾಗುತ್ತದೆ.

ಅಫ್ಜಲ್ ಖಾನನನ್ನು ‘ಮೊಘಲ್ ಸೇನಾಪತಿ’ ಎಂದಿದ್ದೀರಲ್ಲ, ಇದು ನನಗೆ ಜಾಸ್ತಿ ನೋವು ಕೊಟ್ಟಿತು. ಅವನು ನಮ್ಮ ಬಿಜಾಪುರದ ಆದಿಲ್ ಶಾಹಿಗಳ ಸರದಾರ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂಗೆ ಸೇರಿದ ವ್ಯಾಘ್ರನಖದ ಪೆಟ್ಟಿಗೆಯ ಮೇಲಿನ ಬರಹದಲ್ಲೂ ಇದೇ ತಪ್ಪಿದೆ. ಆ ಪೆಟ್ಟಿಗೆ ಸಾತಾರಾದಲ್ಲಿ ರೆಸಿಡೆಂಟ್, ಅಂದರೆ ಬ್ರಿಟಿಷರ ಪ್ರತಿನಿಧಿ ಆಗಿದ್ದ ಜೇಮ್ಸ್ ಗ್ರಾಂಟ್ ಡಫ್ ಕಡೆಯಿಂದ ಬಂದದ್ದು. ಬಿಜಾಪುರ ಪಕ್ಕದಲ್ಲೇ ಇರುವ ನಾವು ಆ ತಪ್ಪು ಮಾಡಬಾರದು. ‘ಅದೇ ಉಗುರು ಇಂದು ಲಂಡನ್ನಿನಲ್ಲಿದೆ’ ಅನ್ನುವ ನಿಮ್ಮ ಕೊನೆಯ ಸಾಲನ್ನೂ ತೆಗೆಯಿರಿ. 2024ರಲ್ಲಿ ಅದು ಮೂರು ವರ್ಷದ ಎರವಲಿಗೆ ಮಹಾರಾಷ್ಟ್ರಕ್ಕೆ ಬಂತು, ಮೊದಲು ಸಾತಾರಾಕ್ಕೆ. ಶಿವಾಜಿ ಬಳಸಿದ್ದು ಅದನ್ನೇ ಎಂದು ಹೇಳಲು ಆಧಾರವಿಲ್ಲ ಎಂದು ಮ್ಯೂಸಿಯಮ್ಮೇ ಹೇಳಿದೆ.

ಹುಡುಗ ತಂಬಿಗೆಯಲ್ಲಿ ನೀರು ಕೊಡುವ ಜಾಗವಿದೆಯಲ್ಲ, ಅಲ್ಲಿಂದ ಮತ್ತೆ ಬರೆಯಿರಿ. ಈಗ ಶಿವಾಜಿ ಅದನ್ನು ಎರಡೂ ಕೈಯಲ್ಲಿ ಇಸಿದುಕೊಳ್ಳುತ್ತಾರೆ. ಈ ಸಲ ಬಲಗೈ ಒಂದನ್ನೇ ಚಾಚಲಿ. ಬರೆದು ಕಳಿಸಿ, ಮೊದಲು ನಾನೇ ಓದುತ್ತೇನೆ.