ಕೆರೆಗೆ ಬಿಟ್ಟರೆ ಬಿಡುಗಡೆಯೇ?

ಪ್ರಶ್ನೆ: ತೊಟ್ಟಿಯಲ್ಲಿ ಸಾಕಿದ್ದ ಕೆಂಪುಕಿವಿ ಆಮೆ ತುಂಬಾ ದೊಡ್ಡದಾಯಿತು. ಪಾಪ ಅನ್ನಿಸಿ ಕೆರೆಗೆ ಬಿಟ್ಟೆ. ಗೊತ್ತಿದ್ದವರೆಲ್ಲ ಬೈಯುತ್ತಿದ್ದಾರೆ. ಒಂದು ಜೀವಕ್ಕೆ ಬಿಡುಗಡೆ ಕೊಟ್ಟದ್ದೂ ತಪ್ಪೇ?
— ಓದುಗರೊಬ್ಬರು

ಉತ್ತರ: ನಿಮ್ಮ ಮನಸ್ಸು ಒಳ್ಳೆಯದೇ, ಅನುಮಾನವಿಲ್ಲ. ಚರಂಡಿಗೆ ಎಸೆಯುವವರೂ ಇದ್ದಾರೆ. ಆದರೆ ಆ ‘ಬಿಡುಗಡೆ’ ಅನ್ನೋ ಪದ ಇದೆಯಲ್ಲ, ಅದರ ಮೇಲೆ ನನಗೆ ಹಳೆಯ ಸಿಟ್ಟು. ಸಾಕಲಾರದೆ ಕೈತೊಳೆದುಕೊಂಡದ್ದಕ್ಕೆ ಅಷ್ಟು ಚೆಂದದ ಹೆಸರು ಯಾಕೆ? ಆ ಆಮೆಯ ತವರು ಅಮೆರಿಕದ ಮಿಸ್ಸಿಸ್ಸಿಪ್ಪಿ ನದಿಯ ಬಯಲು. ಅಲ್ಲಿಗೆ ಒಯ್ದು ಬಿಟ್ಟಿದ್ದರೆ ಬಿಡುಗಡೆ ಅನ್ನಬಹುದಿತ್ತೇನೋ.

ಒಂದು ಬೆಳಗ್ಗೆ ಕೆರೆ ದಂಡೆಯಲ್ಲಿ ಸುಮ್ನೆ ಕೂತು ನೋಡಿದ್ದೇನೆ. ನೀರಿಗೆ ಬಾಗಿದ ಒಂದೇ ದಿಮ್ಮಿ. ಅದರ ಮೇಲೆ ತಟ್ಟೆಯಗಲದ ಕೆಂಪುಕಿವಿ, ಹಿಂಗಾಲು ಚಾಚಿಕೊಂಡು, ಮನೆ ಯಜಮಾನನ ಹಾಗೆ. ಆ ನೀರಲ್ಲೇ ಹುಟ್ಟಿದ ಸಣ್ಣ ಆಮೆಯೊಂದು ಕೆಳಗಿಂದ ಹತ್ತಲು ನೋಡಿತು. ಉಗುರು ಜಾರಿತು. ಮತ್ತೆ ಬಂತು. ಜಾಗ ಸಿಗದೆ ಮುಳುಗಿತು. ಬಿಸಿಲು ಕಾಯುವುದು ಆಮೆಗೆ ಷೋಕಿಯಲ್ಲ ಸ್ವಾಮಿ. ಮೈ ಬಿಸಿಯಾಗದಿದ್ದರೆ ತಿಂದದ್ದು ಅರಗುವುದಿಲ್ಲ. ಫ್ರಾನ್ಸಿನಲ್ಲಿ ಕೆಂಪುಕಿವಿಗಳನ್ನೂ ಯುರೋಪಿನ ಕೊಳದ ಆಮೆಗಳನ್ನೂ ಒಟ್ಟಿಗೆ ಇಟ್ಟು ನೋಡಿದರು. ಸೊರಗಿದ್ದು, ಜಾಸ್ತಿ ಸತ್ತಿದ್ದು ಅಲ್ಲಿನ ಆಮೆಗಳೇ. ಅವಕ್ಕೆ ‘ಪಾಪ’ ಅನ್ನುವವರು ಯಾರು?

ನಿಮ್ಮೊಬ್ಬರನ್ನೇ ಬೈದರೆ ನ್ಯಾಯವಲ್ಲ, ಅಲ್ವಾ? ಮಾರುವಾಗ ಅದು ನಾಣ್ಯಕ್ಕಿಂತ ತುಸು ದೊಡ್ಡ ಮರಿ. ಅಂಗೈಯಲ್ಲಿಟ್ಟರೆ ಯಾರಿಗಾದರೂ ಆಸೆಯಾಗುತ್ತದೆ. ಒಂದಡಿ ಹತ್ತಿರ ಬೆಳೆಯುತ್ತದೆ, 30 ವರ್ಷ ಬದುಕಬಲ್ಲದು ಅಂತ ಮಾರುವವರು ಬಾಯಿಬಿಡುವುದಿಲ್ಲ. ಅಮೆರಿಕವನ್ನೇ ನೋಡಿ. ಮಕ್ಕಳಿಗೆ ಸಾಲ್ಮೊನೆಲ್ಲಾ ಅನ್ನೋ ಹೊಟ್ಟೆ ಕೆಡಿಸುವ ರೋಗಾಣು ತಗಲುತ್ತದೆ ಅಂತ 4 ಇಂಚಿಗಿಂತ ಚಿಕ್ಕ ಆಮೆಗಳ ಮಾರಾಟವನ್ನು 1975ರಲ್ಲೇ ನಿಲ್ಲಿಸಿತು. ಹೊರದೇಶದ ಮಕ್ಕಳ ಮಾತು ಬೇರೆ ನೋಡಿ! 1989ರಿಂದ 1997ರೊಳಗೆ 5 ಕೋಟಿಗೂ ಹೆಚ್ಚು ಮರಿಗಳು ಅಲ್ಲಿಂದ ರಫ್ತಾದವು. 1997ರಲ್ಲಿ ಯುರೋಪ್ ಒಕ್ಕೂಟ ಕೆಂಪುಕಿವಿಯ ಆಮದು ನಿಷೇಧಿಸಿತು. ವ್ಯಾಪಾರಿಗಳು ಅದರ ದಾಯಾದಿ ಹಳದಿಹೊಟ್ಟೆ ಆಮೆಯನ್ನು ತಂದರು. ಇಡೀ ಜಾತಿಗೇ ನಿರ್ಬಂಧ ಬಂದದ್ದು 2016ರಲ್ಲಿ. ಕಾನೂನು ಚಾಪೆ ಕೆಳಗೆ ತೂರುವಷ್ಟರಲ್ಲಿ ವ್ಯಾಪಾರ ರಂಗೋಲಿ ಕೆಳಗೆ ತೂರಿರುತ್ತದೆ. ಆಮೇಲೆ ಕೆರೆ ದಂಡೆಯಲ್ಲಿ ಬಕೆಟ್ ಹಿಡಿದು ನಿಲ್ಲುವವರು ನಿಮ್ಮಂಥವರು.

ನಿಮ್ಮ ಆಮೆ ಎಲ್ಲೂ ಹೋಗಿರಲಿಕ್ಕಿಲ್ಲ. ಬಿಸಿಲೇರಿದ ಮೇಲೆ ಹೋಗಿ, ದಿಮ್ಮಿ ಕಲ್ಲುಗಳ ಮೇಲೆ ಕಣ್ಣಾಡಿಸಿ. ಕಂಡರೆ ವನ್ಯಜೀವಿ ರಕ್ಷಣೆಯವರಿಗೆ ಜಾಗ ತೋರಿಸಿ. ತೊಟ್ಟಿ ಮಾರಿಬಿಟ್ಟಿಲ್ಲ ತಾನೆ?